ಟೊಯೋಟಾ ಸಿಯೆನ್ನಾ ಮಿನಿವ್ಯಾನ್ ಇದೆ, ಇಬ್ರು ಮಕ್ಕಳು. ಹಿಂದೆ ಎಳ್ಕೊಂಡು ಹೋಗೋಕೆ 17 ಅಡಿ ಬಂಕ್‌ಹೌಸ್ ಟ್ರೇಲರ್ (ಮೇಲೊಂದು ಕೆಳಗೊಂದು ಮಂಚ ಇರೋ ಚಕ್ರದ ಮನೆ) ತಗೋಬೇಕು: ಜೇಕೋ ಕಂಪನಿದಾ, ಕೋಚ್‌ಮೆನ್ ಕಂಪನಿದಾ? ಮೂರು ಗಂಟೆ ದೂರದ ಡೀಲರ್ ಒಬ್ಬ 1,500 ಡಾಲರ್ ಕಮ್ಮಿಗೆ ಕೊಡ್ತಾನೆ, ಡೀಲರ್‌ಗಳ ಹತ್ರ ವ್ಯವಹಾರ ಹೇಗೆ?

ಎರಡೂ ಬೇಡ. ಸಿಟ್ಟಾಗ್ಬೇಡಿ, ಪೂರ್ತಿ ಓದಿ.

2019ರ ಫೆಬ್ರವರಿಲಿ ನಾನೂ ಥೇಟ್ ಹೀಗೇ ಕೂತಿದ್ದೆ. ಶಿಕಾಗೋ ಪಕ್ಕದ ಸಬರ್ಬು, ಹೊರಗಡೆ ಮೊಣಕಾಲುದ್ದ ಸ್ನೋ, ಟೇಬಲ್ ಮೇಲೆ ಎರಡು ಬ್ರೋಷರ್ರು, ಲ್ಯಾಪ್‌ಟಾಪಲ್ಲಿ ಎಕ್ಸೆಲ್ ಶೀಟು. ಒಂದರಲ್ಲಿ ಬಾತ್‌ರೂಮ್ ಎರಡಿಂಚು ಅಗಲ, ಇನ್ನೊಂದರಲ್ಲಿ ಫ್ರಿಜ್ ದೊಡ್ಡದು, ಇದರ ಕರ್ಟನ್ ಚೆನ್ನಾಗಿದೆ, ಅದರ ಸಿಂಕ್ ಚಿಕ್ಕದು ಕುಕ್ಕರ್ ಹಿಡಿಯಲ್ಲ, ಹಿಂಗೇ ರಾತ್ರಿ ಹನ್ನೊಂದು ಗಂಟೆ ತನಕ ನಾನೂ ನನ್ನ ಹೆಂಡ್ತಿ ಚರ್ಚೆ. ಶೀಟಲ್ಲಿ 34 ಸಾಲು ಇತ್ತು. ನಮ್ಮ ಕಾರು ಟೊಯೋಟಾ ಹೈಲ್ಯಾಂಡರ್ ಬಗ್ಗೆ ಒಂದೇ ಒಂದು ಸಾಲು: "ಹೈಲ್ಯಾಂಡರ್ ವಿ6, 5,000 ಪೌಂಡ್, ಓಕೆ". ಆ ಓಕೆ ಹಾಕಿದ್ದು ನಾನಲ್ಲ, ಸೇಲ್ಸ್‌ಮನ್. ಆರ್‌ವಿ (ಇಂಥ ಚಕ್ರದ ಮನೆಗಳ) ಶೋನಲ್ಲಿ ಏನು ಓಡಿಸ್ತೀರಾ ಅಂದ, ಹೇಳಿದೆ, "ಓ, ಆರಾಮಾಗಿ ಎಳೆಯುತ್ತೆ, ಹಿಂದೆ ಏನಾದ್ರೂ ಇದೆ ಅಂತಾನೇ ಗೊತ್ತಾಗಲ್ಲ" ಅಂದ. ಟ್ರೇಲರ್ ತೂಕ 3,050, ಕಾರಿನ ಶಕ್ತಿ 5,000, ಇನ್ನೂ ಎರಡು ಸಾವಿರ ಉಳಿಯುತ್ತಲ್ಲ ಅಂತ ನಾನೂ ಖುಷಿಪಟ್ಟೆ. ಇಂಜಿನಿಯರಿಂಗ್ ಓದಿದೋನು ನಾನು, ನಾಚಿಕೆ ಆಗ್ಬೇಕು.

ಏಪ್ರಿಲಲ್ಲಿ ಟ್ರೇಲರ್ ಬಂತು. ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಎಳ್ಕೊಂಡು ಹೋಗಿ ಪೂಜೆ ಮಾಡಿಸಿದ್ವಿ. ಅರ್ಚಕರು ಒಳಗೆ ಇಣುಕಿ ಒಲೆ, ಹಾಸಿಗೆ, ಸಿಂಕು ಎಲ್ಲ ನೋಡಿ, ಇದಕ್ಕೆ ವಾಹನ ಪೂಜೆ ಮಾಡ್ಲಾ ಗೃಹಪ್ರವೇಶ ಮಾಡ್ಲಾ ಅಂತ ನಕ್ಕರು. ಚಕ್ರ ಎರಡೇ ಆದ್ರಿಂದ ನಿಂಬೆಹಣ್ಣೂ ಎರಡೇ ಸಾಕಾಯ್ತು. ಆಗ ಅಮ್ಮ ಊರಿಂದ ಬಂದಿದ್ರು. ಅವರು ಹೊಳೆಹೊನ್ನೂರು ಕಡೆಯವರು, ಮನೇಲಿ ಎರಡು ಜೊತೆ ಎತ್ತು, ಗಾಡಿ ಎಲ್ಲ ಇದ್ದ ಕಾಲದವರು. ಸೆರಗಲ್ಲಿ ಕೈ ಒರೆಸ್ಕೊಳ್ತಾ ದೂರ ನಿಂತು ನೋಡಿ, "ಗಾಡಿ ಮುಂಭಾರ ಆಗಿದೆ ಕಣೋ, ಎತ್ತಿನ ಕುತ್ತಿಗೆ ಮೇಲೆ ಬಿದ್ದಿದೆ ನೋಡು" ಅಂದ್ರು. ನಾನು ಅಮ್ಮಾ ಇದು ಎತ್ತಲ್ಲ, 295 ಕುದುರೆ ಇಂಜಿನ್ನು ಅಂತ ಜೋಕ್ ಮಾಡಿದೆ.

ಈ ಜೋಕಿಗೆ ನಾನು ಕೊಟ್ಟ ಬೆಲೆ ಸುಮಾರು ಐದು ಸಾವಿರ ಡಾಲರ್.

ಜೂನಲ್ಲಿ ಕೆಂಟಕಿಯ ಮ್ಯಾಮತ್ ಕೇವ್ ನೋಡೋಣ ಅಂತ ಹೊರಟ್ವಿ. ಸುಮಾರು 400 ಮೈಲಿ, ಬಹುತೇಕ ಐ-65 ಹೈವೇ ಹಿಡ್ಕೊಂಡು ಕೆಳಗೆ ಹೋಗ್ತಾ ಇರೋದು. ಆ ರೋಡಲ್ಲಿ ಹೋಗಿದ್ದೋರಿಗೆ ಗೊತ್ತು, ಇಂಡಿಯಾನಾದ ರೆಮಿಂಗ್ಟನ್ ದಾಟಿ ಲಫಯೆಟ್ ಬರೋ ತನಕ ಎರಡೂ ಕಡೆ ಬರೀ ಗಾಳಿಯಂತ್ರಗಳು, ಕಣ್ಣು ಹಾಯೋ ತನಕ. ಅಷ್ಟೊಂದು ಗಾಳಿಯಂತ್ರ ಅಲ್ಲೇ ಯಾಕೆ ನೆಟ್ಟಿದಾರೆ ಅಂತ ಯೋಚನೆ ಮಾಡೋ ಬುದ್ಧಿ ನನಗಿರ್ಲಿಲ್ಲ. ಒಂದು ಸೆಮಿ ಟ್ರಕ್ ಎಡಗಡೆಯಿಂದ ಪಾಸ್ ಮಾಡ್ತು, ಅದರ ಗಾಳಿ ಮೊದಲು ತಳ್ತು, ಆಮೇಲೆ ಎಳೀತು, ಅಷ್ಟೊತ್ತಿಗೆ ಪಶ್ಚಿಮದ ಗಾಳಿ ಬೇರೆ, ಹಿಂದೆ ಟ್ರೇಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡ್ತು. ಎತ್ತು ಏರಿಗೆ ಕೋಣ ನೀರಿಗೆ ಅಂತಾರಲ್ಲ, ಹಂಗೆ. ನಾನು ಗಾಬರೀಲಿ ಕಾರಿನ ಬ್ರೇಕ್ ಒತ್ತಿದೆ, ಅದು ಇನ್ನೂ ಜಾಸ್ತಿ ಆಯ್ತು. ಕಾರಿನ ಬ್ರೇಕ್ ಒತ್ತಬಾರ್ದು, ಆಕ್ಸಿಲರೇಟರಿಂದ ಕಾಲು ನಿಧಾನ ತೆಗೆದು ಬ್ರೇಕ್ ಕಂಟ್ರೋಲರಿನ (ಡ್ರೈವರ್ ಕೈಗೆ ಸಿಗೋ, ಟ್ರೇಲರ್ ಬ್ರೇಕ್ ಹಾಕೋ ಡಬ್ಬ) ಲಿವರ್ ಹಿಡಿದು ಟ್ರೇಲರಿನ ಬ್ರೇಕ್ ಮಾತ್ರ ಹಾಕ್ಬೇಕು, ಆಗ ಹಿಂದಿನಿಂದ ಹಗ್ಗ ಹಿಡಿದು ಎಳೆದಂಗೆ ನೇರ ಆಗುತ್ತೆ. ಇದನ್ನ ಡೀಲರ್ ಹೇಳಿರ್ಲಿಲ್ಲ. ನೆನಪಾಗಿ ಲಿವರ್ ಒತ್ತಿದ್ದು ನಾಲ್ಕನೇ ಸಲ ಅಲ್ಲಾಡಿದಾಗ. ಹಿಂದಿನ ಸೀಟಲ್ಲಿ ಅಮ್ಮ ವಿಷ್ಣು ಸಹಸ್ರನಾಮ ಶುರು ಮಾಡಿದ್ರು, ಮಕ್ಕಳು ಸೈಲೆಂಟು.

ಮುಂದೆ ಸಿಕ್ಕಿದ ಟ್ರಕ್ ಸ್ಟಾಪಲ್ಲಿ ನಿಲ್ಸಿದೆ. ಅಲ್ಲಿ ಕ್ಯಾಟ್ ಸ್ಕೇಲ್ ಇತ್ತು. ಲಾರಿಯವರು ತೂಕ ಹಾಕೋ ಜಾಗ, ಯಾರು ಬೇಕಾದ್ರೂ ಹೋಗಬಹುದು, ಹೆಚ್ಚು ದುಡ್ಡೇನಿಲ್ಲ. ಮಾತಾಡೋ ಬಟನ್ ಮಾತ್ರ ಲಾರಿ ಡ್ರೈವರ್ ಎತ್ತರಕ್ಕಿರುತ್ತೆ, ನಮ್ಮಂಥ ಕಾರಿನ ಕಿಟಕಿಯಿಂದ ಕೈ ಎಟುಕಲ್ಲ, ಕೊನೆಗೆ ಅಮ್ಮನ ಕೊಡೆ ತಗೊಂಡು ಅದರ ತುದೀಲಿ ಒತ್ತಿದೆ. ಒಂದು ಸಲ ಟ್ರೇಲರ್ ಸಮೇತ ತೂಕ, ಆಮೇಲೆ ಪಾರ್ಕಿಂಗಲ್ಲಿ ಟ್ರೇಲರ್ ಕಳಚಿಟ್ಟು, ಜನ ಸಾಮಾನು ಹಂಗೇ ಇರೋ ಕಾರು ಒಂದನ್ನೇ ಇನ್ನೊಂದು ಸಲ. ಎರಡು ಚೀಟೀಲಿ ಕಾರಿನ ತೂಕಕ್ಕೆ ಎಷ್ಟು ವ್ಯತ್ಯಾಸ ಬರುತ್ತೋ ಅದೇ ಟಂಗ್ ವೇಟ್, ಅಂದ್ರೆ ಟ್ರೇಲರಿನ ಮೂಗು ಕಾರಿನ ಬೆನ್ನ ಮೇಲೆ ಹೊರಿಸಿರೋ ಭಾರ. ಅಮ್ಮ ಹೇಳಿದ ಮುಂಭಾರ ಅಂದ್ರೆ ಇದೇ.

ಈಗ ತಪ್ಪು ಏನು ಅಂತ ಬಿಡಿಸಿ ಹೇಳ್ತೀನಿ, ಬೋರ್ ಆದ್ರೂ ಓದಿ.

ಬ್ರೋಷರಲ್ಲಿ ಟ್ರೇಲರ್ ತೂಕ 3,050 ಅಂತ ಇತ್ತು. ಅದು ಡ್ರೈ ವೇಟ್, ಫ್ಯಾಕ್ಟರಿಯಿಂದ ಖಾಲಿ ಹೊರಡೋವಾಗಿನ ತೂಕ. ಬ್ಯಾಟರಿ ಇಲ್ಲ, ಗ್ಯಾಸ್ ಇಲ್ಲ, ನೀರಿಲ್ಲ, ಒಂದು ಚಮಚನೂ ಇಲ್ಲ. ನಾನು 30 ಗ್ಯಾಲನ್ ನೀರು ತುಂಬಿಸ್ಕೊಂಡು ಹೊರಟಿದ್ದೆ, ಗ್ಯಾಲನ್‌ಗೆ 8.3 ಪೌಂಡು, ಅಲ್ಲಿಗೇ 250. ಸ್ಕೇಲ್ ಮೇಲೆ ಟ್ರೇಲರ್ ಬಂದಿದ್ದು 3,950. ಮೂಗಿನ ಭಾರ ಬ್ರೋಷರಲ್ಲಿ 330, ಸ್ಕೇಲಲ್ಲಿ 510. ಯಾಕಂದ್ರೆ ಬ್ಯಾಟರಿ, ಎರಡು ಗ್ಯಾಸ್ ಸಿಲಿಂಡರ್ ಎರಡೂ ಕೂರೋದು ಮೂಗಿನ ಮೇಲೇನೇ, ಜೊತೆಗೆ ಮುಂದಿನ ಮಂಚದ ಕೆಳಗಿನ ಡಬ್ಬದಲ್ಲಿ ನಾನು ಅಕ್ಕಿ, ಬೇಳೆ, ಬಾಂಡ್ಲಿ, ದೋಸೆ ಕಾವಲಿ ಎಲ್ಲ ತುರುಕಿದ್ದೆ. ಹೈಲ್ಯಾಂಡರಿಗೆ ಮೂಗಿನ ಭಾರಕ್ಕೆ ಮಿತಿ 500.

ಇದಕ್ಕಿಂತ ಮುಖ್ಯ ಇನ್ನೊಂದು. ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಒಂದು ಹಳದಿ-ಬಿಳಿ ಸ್ಟಿಕರ್ ಇರುತ್ತೆ, ಟೈರಿಗೆ ಎಷ್ಟು ಗಾಳಿ ಅಂತ ನೋಡೋಕೆ ಬಗ್ತೀವಲ್ಲ, ಅದೇ. ಅದರ ಮೇಲೆ ಒಂದು ಸಾಲು: ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು. ನನ್ನ ಕಾರಿಗೆ 1,280. ಇದೇ ಪೇಲೋಡ್. ಟ್ರೇಲರಿನ ಮೂಗಿನ ಭಾರ ಪೂರ್ತಿ ಇದರಲ್ಲೇ ಕಳೀಬೇಕು, ಯಾಕಂದ್ರೆ ಕಾರಿಗೆ ಅದು ಡಿಕ್ಕೀಲಿ ಕೂತ ಮೂರು ಜನ ದಪ್ಪ ಮಾವಂದಿರ ಥರಾನೇ. ಲೆಕ್ಕ ಹಾಕಿ: ನಾನು 185, ಹೆಂಡ್ತಿ 140, ಅಮ್ಮ 130, ಮಕ್ಕಳು 75 ಮತ್ತು 55, ಅಲ್ಲಿಗೆ 585. ಮೂಗು 510. ಬಾಲ್ ಮೌಂಟ್ (ಟ್ರೇಲರ್ ಸಿಕ್ಕಿಸೋ ಗುಂಡು ಕೂರೋ ಕಬ್ಬಿಣದ ತುಂಡು) 25. ಡಿಕ್ಕೀಲಿ ಜನರೇಟರ್, ಕೂಲರ್, ಕುರ್ಚಿಗಳು, ಮಕ್ಕಳ ಸೈಕಲ್ ಸೇರಿ 300. ಒಟ್ಟು 1,420. ಅಂದ್ರೆ 5,000 ಪೌಂಡ್ ಎಳೆಯೋ ಕಾರು 3,950 ಪೌಂಡ್ ಟ್ರೇಲರಿಗೆ 140 ಪೌಂಡ್ ಓವರ್‌ಲೋಡ್. ಎಳೆಯೋ ಶಕ್ತಿ ಬೇರೆ, ಹೊರೋ ಶಕ್ತಿ ಬೇರೆ. ಸೇಲ್ಸ್‌ಮನ್ ಹೇಳಿದ್ದು ಸುಳ್ಳಲ್ಲ, ಎಳೆಯುತ್ತೆ. ಹೊರುತ್ತಾ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಬಾಗಿಲ ಸ್ಟಿಕರ್ ನೋಡೋಕೆ ಹತ್ತು ಸೆಕೆಂಡ್ ಸಾಕಿತ್ತು. ಹಿಂದೆ ಕುಗ್ಗಿದ್ರೆ ಮುಂದಿನ ಚಕ್ರ ಹಗುರ ಆಗುತ್ತೆ, ಸ್ಟೇರಿಂಗ್ ನೀರಲ್ಲಿ ಕೈ ಆಡಿಸಿದಂಗೆ ಆಗುತ್ತೆ, ಅದರ ಮೇಲೆ ಸ್ವೇ ಕಂಟ್ರೋಲ್ (ಬಾಲ ಅಲ್ಲಾಡೋದನ್ನ ತಡೆಯೋ ಏರ್ಪಾಟು) ಇರೋ ಹಿಚ್ಚೂ, ಅಂದ್ರೆ ಕಾರಿಗೂ ಟ್ರೇಲರಿಗೂ ನಡುವಿನ ಕೊಂಡಿನೂ, ಇರ್ಲಿಲ್ಲ, ಬರೀ ಗುಂಡು. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿದ್ರೆ ಸರಿಹೋಗುತ್ತೆ ಅಂತ ಯಾರಾದ್ರೂ ಬರೀತಾರೆ ನೋಡಿ. ಅದು ಭಾರಾನ ಹಂಚುತ್ತೆ, ಸ್ಟಿಕರ್ ಮೇಲಿನ ನಂಬರ್ ಬದಲಾಗಲ್ಲ, ಆ ಹಿಚ್ಚೇ ಮತ್ತೊಂದು 80 ಪೌಂಡ್ ತೂಗುತ್ತೆ.

ಗುಹೆ ನೋಡಲಿಲ್ಲ. ನೀರೆಲ್ಲ ಚೆಲ್ಲಿ, ಗಂಟೆಗೆ 50 ಮೈಲೀಲಿ ತೆವಳ್ಕೊಂಡು ಲಫಯೆಟ್ ಹತ್ರ ಪ್ರಾಫೆಟ್ಸ್‌ಟೌನ್ ಸ್ಟೇಟ್ ಪಾರ್ಕಲ್ಲಿ ಎರಡು ರಾತ್ರಿ ಇದ್ದು ವಾಪಸ್ ಬಂದ್ವಿ. ಅಮ್ಮ ಆಗಸ್ಟಲ್ಲಿ ಊರಿಗೆ ಹೋದ್ರು. ಎತ್ತಿನ ಕುತ್ತಿಗೆ ವಿಷಯ ಒಂದು ಸಲಾನೂ ಎತ್ತಲಿಲ್ಲ, ಅದೇ ಹೆಚ್ಚು ಚುಚ್ಚೋದು.

ಈಗ ದುಡ್ಡಿನ ಕಥೆ. ಟ್ರೇಲರ್ ಬೆಲೆ ಅಂತ ಮಾತಾಡಿದ್ದು 15,900. ಫೈನಾನ್ಸ್ ರೂಮಿಗೆ ಹೋದ್ಮೇಲೆ ಪ್ರೆಪ್ (ರೆಡಿ ಮಾಡೋ ಖರ್ಚು) ಅಂತೆ ಫ್ರೈಟ್ (ಸಾಗಾಟ) ಅಂತೆ 1,400, ಎಕ್ಸ್‌ಟೆಂಡೆಡ್ ವಾರಂಟಿ 2,600, ಟ್ಯಾಕ್ಸು, ಎಲ್ಲ ಸೇರಿ 21 ಸಾವಿರ ದಾಟ್ತು. ಆ ರೂಮಲ್ಲಿ ಒಟ್ಟು ಬೆಲೆ ಯಾರೂ ಹೇಳಲ್ಲ, ತಿಂಗಳಿಗೆ ಎಷ್ಟು ಅಂತ ಮಾತ್ರ ಹೇಳ್ತಾರೆ, "ವಾರಂಟಿ ಸೇರಿಸಿದ್ರೆ ತಿಂಗಳಿಗೆ ಬರೀ ಇಪ್ಪತ್ತು ಚಿಲ್ಲರೆ ಜಾಸ್ತಿ ಸಾರ್". ಲೋನು 144 ತಿಂಗಳು. 12 ವರ್ಷ! ಮಗಳು ಕಾಲೇಜು ಮುಗಿಸೋ ತನಕ ಕಂತು. ಸೆಪ್ಟೆಂಬರಲ್ಲಿ ಅದೇ ಡೀಲರ್ ಹತ್ರ ವಾಪಸ್ ತಗೊಳ್ತೀರಾ ಅಂತ ಹೋದೆ, ಐದು ತಿಂಗಳ ಹಳೇದು, 9,500 ಅಂದ್ರು. ನಗುನಗುತ್ತಾನೇ ಅಂದ್ರು, ಕಾಫಿನೂ ಕೊಟ್ರು. ಅದಕ್ಕೆ ಮಾರಲಿಲ್ಲ, ಚಳಿಗಾಲ ಪೂರ್ತಿ ಸ್ಟೋರೇಜ್ ಬಾಡಿಗೆ ಕಟ್ಕೊಂಡು ಇಟ್ಕೊಂಡೆ (ಎಚ್‌ಒಎ, ಅಂದ್ರೆ ಬಡಾವಣೆ ಮನೆಯವರ ಸಂಘ, ಇದ್ರೆ ಮನೆ ಮುಂದೆ ನಿಲ್ಸೋ ಆಸೆ ಬಿಟ್ಬಿಡಿ). 2020ರ ಜೂನಲ್ಲಿ ಕೊರೊನಾ ಅಂತ ಯಾರೂ ವಿಮಾನ ಹತ್ತಲ್ಲ, ಎಲ್ರಿಗೂ ಏಕಾಏಕಿ ಟ್ರೇಲರ್ ಬೇಕು, ಪಿಕಪ್ ಟ್ರಕ್ ಇದ್ದೋರೊಬ್ರು 14,500ಕ್ಕೆ ತಗೊಂಡು ಹೋದ್ರು. ವಾರಂಟಿ ಕ್ಯಾನ್ಸಲ್ ಮಾಡಿದ್ರೆ ಉಳಿದ ಅವಧಿಯ ದುಡ್ಡು ವಾಪಸ್ ಬರುತ್ತೆ ಅಂತ ಅವಾಗಲೇ ಗೊತ್ತಾಗಿದ್ದು, 2,000 ಚಿಲ್ಲರೆ ಬಂತು. ಅದೃಷ್ಟ ಅಷ್ಟೇ. ಇನ್ನೊಂದು ವರ್ಷ ಮುಂಚೆ ಆಗಿದ್ರೆ ಹತ್ತು ಸಾವಿರ ಕೈಬಿಡ್ತಿತ್ತು.

ನಿಮ್ಮ ಪ್ರಶ್ನೆಗೆ ಬರ್ತೀನಿ. ಜೇಕೋ ಮಿಡಲ್‌ಬರಿ ಊರಿಂದು, 2016ರಿಂದ ಥಾರ್ ಕಂಪನಿ ಕೈಲಿದೆ. ಕೋಚ್‌ಮೆನ್ ಫಾರೆಸ್ಟ್ ರಿವರ್ ಅವರದ್ದು, ಅದು ವಾರನ್ ಬಫೆಟ್‌ನ ಬರ್ಕ್‌ಶೈರ್ ಹ್ಯಾಥವೇ ಒಡೆತನ, ಹೆಡ್ಡಾಫೀಸು ಎಲ್ಖಾರ್ಟ್. ಎರಡೂ ಊರು ಇಂಡಿಯಾನಾದ ಒಂದೇ ಕೌಂಟಿ. ಆ ಭಾಗದಲ್ಲಿ ಬಹಳಷ್ಟು ಟ್ರೇಲರ್‌ಗಳಿಗೆ ಆಕ್ಸಲ್ಲು, ಫ್ರಿಜ್ಜು, ಹೀಟರು ಬರೋದು ಅದೇ ನಾಲ್ಕಾರು ಸಪ್ಲೈಯರ್‌ಗಳಿಂದ. ಒಂದೇ ಬೀದಿಯ ಎರಡು ದರ್ಶಿನಿ ಇದ್ದಂಗೆ, ಇಡ್ಲಿ ಇಲ್ಲಿ ಚೆನ್ನಾ ಅಲ್ಲಿ ಚೆನ್ನಾ ಅಂತ ವರ್ಷಗಟ್ಲೆ ಜಗಳ ಆಡಬಹುದು. ನಿಮ್ಮ ಸಿಯೆನ್ನಾ ಎಳೆಯೋದೇ 3,500. ತುಂಬಿದ 17 ಅಡಿ ಬಂಕ್‌ಹೌಸ್ ಅದನ್ನ ದಾಟುತ್ತೆ, ನನ್ನದು ದಾಟಿತ್ತಲ್ಲ. ಅಂದಹಾಗೆ ಆ 17 ಅಡಿ ಅನ್ನೋದೂ ಬರೀ ಡಬ್ಬದ ಲೆಕ್ಕ, ಮೂಗು ಬಂಪರ್ ಸೇರಿದ್ರೆ 20 ದಾಟುತ್ತೆ, ಕ್ಯಾಂಪ್‌ಸೈಟ್ ಬುಕ್ ಮಾಡೋವಾಗ ಗೊತ್ತಾಗುತ್ತೆ.

ಮೂರು ಗಂಟೆ ದೂರದ ಡೀಲರ್ 1,500 ಕಮ್ಮಿಗೆ ಕೊಡ್ತಾನೆ ಅಂದ್ರಲ್ಲ, ಬೇಡ. ಮೊದಲ ವರ್ಷ ಏನಾದ್ರೂ ಒಂದು ಕಿತ್ತೋಗೇ ಹೋಗುತ್ತೆ, ನಮ್ಮದ್ರಲ್ಲಿ ನೀರಿನ ಪಂಪು, ಮೆಟ್ಟಿಲು, ಒಂದು ಕಿಟಕಿ. ಪಕ್ಕದೂರ ಡೀಲರ್ ಹತ್ರ ಹೋದ್ರೆ ಅವನು ಕೇಳೋ ಮೊದಲ ಪ್ರಶ್ನೆ ನಮ್ಮ ಹತ್ರ ತಗೊಂಡ್ರಾ ಅಂತ. ಇಲ್ಲ ಅಂದ್ರೆ ಲೈನಲ್ಲಿ ಹಿಂದೆ. ಯಾರ ಹತ್ರ ತಗೊಂಡ್ರೂ ಎಲ್ಲ ಸೇರಿ ಕೊನೇ ಬೆಲೆ ಎಷ್ಟು ಅಂತ ಇಮೇಲಲ್ಲಿ ಬರೆಸ್ಕೊಳ್ಳಿ, ಬರೆದು ಕೊಡದೇ "ಬನ್ನಿ ಮಾತಾಡೋಣ" ಅನ್ನೋನ ಹತ್ರ ಹೋಗ್ಲೇಬೇಡಿ. ಲೋನ್ ನಿಮ್ಮ ಕ್ರೆಡಿಟ್ ಯೂನಿಯನ್ನಿಂದ (ಸಹಕಾರಿ ಬ್ಯಾಂಕ್ ಥರ) ಮುಂಚೇನೇ ಅಪ್ರೂವ್ ಮಾಡಿಸ್ಕೊಂಡು ಹೋಗಿ. ನೀರು ಬಿಟ್ಟು, ಎಸಿ ಹಾಕಿ, ಫ್ರಿಜ್ ಗ್ಯಾಸಲ್ಲಿ ಓಡಿಸಿ, ಏಣಿ ಹಾಕಿ ಮೇಲೆ ಹತ್ತಿ ನೋಡೋ ತನಕ ಸೈನ್ ಮಾಡ್ಬೇಡಿ, ಕತ್ತಲಾಯ್ತು ನಾಳೆ ತೋರಿಸ್ತೀವಿ ಅಂದ್ರೆ ಸೈನೂ ನಾಳೇನೇ.

ನಾವೀಗ ಅದೇ ಹೈಲ್ಯಾಂಡರಲ್ಲಿ ಹಳೇ 16 ಅಡಿ ಸ್ಕ್ಯಾಂಪ್ ಎಳೀತೀವಿ, ಮೊಟ್ಟೆ ಥರ ಫೈಬರ್‌ಗ್ಲಾಸ್, ಮೇಲೊಂದು ಕೆಳಗೊಂದು ಚಿಪ್ಪು ಸೇರಿಸಿದಂಗೆ, ಹಾಗಾಗಿ ಚಾವಣಿ ಅಂಚಿನಲ್ಲಿ ಸೋರೋಕೆ ಜೋಡಣೆಗಳೇ ಕಮ್ಮಿ. ಮಿನೆಸೋಟಾದ ಬ್ಯಾಕಸ್ ಊರಲ್ಲಿ ಮಾಡ್ತಾರೆ, ಹೊಸದು ಬೇಕಂದ್ರೆ ಫ್ಯಾಕ್ಟರಿಯಿಂದಲೇ ನೇರ, ಮಧ್ಯ ಡೀಲರೇ ಇಲ್ಲ. ನಮ್ಮದು ವಿಸ್ಕಾನ್ಸಿನ್‌ನ ವಯಸ್ಸಾದ ದಂಪತಿಗಳಿಂದ 11 ಸಾವಿರಕ್ಕೆ ಸಿಕ್ತು. ತುಂಬಿಸಿ ತೂಕ ಹಾಕಿದ್ರೆ 2,600. ಬಾತ್‌ರೂಮ್ ಇಲ್ಲ, ಒಳಗೆ ಒಗ್ಗರಣೆ ಹಾಕಿದ್ರೆ ಮೂರು ದಿನ ದಿಂಬೆಲ್ಲ ಇಂಗಿನ ವಾಸನೆ, ಮಳೆ ಬಂದ್ರೆ ನಾಲ್ಕು ಜನ ಮೊಣಕಾಲಿಗೆ ಮೊಣಕಾಲು ತಾಗಿಸ್ಕೊಂಡು ಕೂರ್ಬೇಕು. 2022ರಲ್ಲಿ ಅದರಲ್ಲೇ ಮ್ಯಾಮತ್ ಕೇವ್‌ಗೆ ಹೋಗಿ ಬಂದ್ವಿ, ಅದೇ ಗಾಳಿಯಂತ್ರಗಳ ಮಧ್ಯೆ, ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಹಿಂಭಾಗ ತೋರಿಸಿದೆ, "ಈಗ ಸಮ ಇದೆ" ಅಂದ್ರು.

ಇನ್ನೂ ಬಂಕ್‌ಹೌಸೇ ಬೇಕು ಅನ್ಸಿದ್ರೆ ಮೊದಲು ಔಟ್‌ಡೋರ್ಸಿ ಥರದ ವೆಬ್‌ಸೈಟಲ್ಲಿ ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತಗೊಳ್ಳಿ, ಸುಮಾರು ಜನ ಓನರ್‌ಗಳೇ ತಂದು ಕ್ಯಾಂಪ್‌ಸೈಟಲ್ಲಿ ನಿಲ್ಸಿ ಹೋಗ್ತಾರೆ. ಈಗ ಗ್ಯಾರೇಜಿಗೆ ಹೋಗಿ ಸಿಯೆನ್ನಾದ ಡ್ರೈವರ್ ಬಾಗಿಲು ತೆಗೆದು ಆ ಸ್ಟಿಕರ್ ಮೇಲೆ ಎಷ್ಟಿದೆ ನೋಡಿ, ಮನೆಯವರ ತೂಕದ ಜೊತೆ ಕೆಳಗೆ ಹಾಕಿ, ಕೂಡಿ ಕಳೆದು ಹೇಳ್ತೀನಿ. ಹೆಂಡ್ತಿ ತೂಕ ಮಾತ್ರ ಕೇಳಿ ಹಾಕಿ.