ದಯಪಾಲಿಸಿದ್ದು ಯಾರು, ಮಾಸ್ತರರೇ?

ಮಾಸ್ತರರೇ, ನಮಸ್ಕಾರ.

ರೋಣ ತಾಲೂಕಿನಿಂದ ನೀವು ನಮ್ಮ ಪತ್ರಿಕೆಗೆ ಕಳಿಸಿದ ‘ಸಂವಿಧಾನ ಮತ್ತು ಆದರ್ಶ ನಾಗರಿಕ’ ಲೇಖನ ಓದಿದೆ. ಮೂರು ಸಲ ಓದಿದೆ. ಮೊದಲನೇ ಸಲ ಆಫೀಸಿನಲ್ಲಿ, ಎರಡನೇ ಸಲ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವ ಚಿಗರಿ ಬಸ್ಸಿನಲ್ಲಿ ನಿಂತುಕೊಂಡು, ಮೂರನೇ ಸಲ ರಾತ್ರಿ ಊಟ ಆದ ಮೇಲೆ, ಸಿಟ್ಟಿನಲ್ಲಿ. ನಿಮ್ಮ ಕನ್ನಡ ಶುದ್ಧವಾಗಿದೆ. ಅಲ್ಪಪ್ರಾಣ, ಮಹಾಪ್ರಾಣ ಎಲ್ಲೂ ತಪ್ಪಿಲ್ಲ. ಇಸವಿಗಳೂ ಸರಿ, ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26, ಜಾರಿಗೆ ಬಂದದ್ದು 1950ರ ಜನವರಿ 26 ಅನ್ನೋದನ್ನ ಅದಲುಬದಲು ಮಾಡದೆ ಬರೆದವರು ಈ ವರ್ಷ ನನಗೆ ಸಿಕ್ಕಿದ್ದು ನೀವೊಬ್ಬರೇ. ಹೊಗಳಿಕೆ ಇಲ್ಲಿಗೆ ಮುಗಿಯಿತು, ಬೇಜಾರು ಮಾಡ್ಕೋಬೇಡಿ.

ನನ್ನ ನಿದ್ದೆ ಕೆಡಿಸಿದ್ದು ನಿಮ್ಮ ಎರಡನೇ ಪ್ಯಾರಾದ ಮೊದಲ ಸಾಲು: “ಸರ್ಕಾರವು ಪ್ರಜೆಗಳಾದ ನಮಗೆ ಆರು ಮೂಲಭೂತ ಹಕ್ಕುಗಳನ್ನು ದಯಪಾಲಿಸಿದೆ.”

ದಯಪಾಲಿಸಿದೆ! ಯಾವ ಅರಮನೆಯಿಂದ? ನಿಮ್ಮದೇ ಲೇಖನದ ಮೊದಲ ಪ್ಯಾರಾದಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಪೂರ್ತಿ ಇಳಿಸಿದ್ದೀರಿ. ಅದು ‘ನಾವು’ ಅಂತ ಶುರುವಾಗಿ ‘ನಮಗೆ ನಾವೇ ಅರ್ಪಿಸಿಕೊಂಡಿದ್ದೇವೆ’ ಅಂತ ಮುಗಿಯುತ್ತದೆ. ಕೊಟ್ಟವರೂ ನಾವು, ಇಸಕೊಂಡವರೂ ನಾವು. ಆರು ಸಾಲು ಕೆಳಗೆ ಬರುವಷ್ಟರಲ್ಲಿ ಈ ಸರ್ಕಾರ ಎಲ್ಲಿಂದ ನಡುವೆ ಬಂದು ಕೂತಿತು? ನೀವು ಬರೆದದ್ದನ್ನು ನೀವೇ ಓದಿಲ್ಲ ಅನ್ನೋದು ನನ್ನ ತಕರಾರು.

ನೀವು ಕನ್ನಡ ಮಾಸ್ತರರು. ಹುಡುಗರಿಗೆ ಕರ್ತೃ, ಕರ್ಮ, ಕ್ರಿಯಾಪದ ಬಿಡಿಸಲು ಹಚ್ಚುತ್ತೀರಿ, ಅಲ್ವಾ? 14ನೇ ವಿಧಿಯನ್ನು ಹಾಗೇ ಬಿಡಿಸಿ ನೋಡಿ. ಅದರ ಕರ್ತೃ ‘ರಾಜ್ಯ’, ಅಂದರೆ ಸರ್ಕಾರ. ಕ್ರಿಯಾಪದ ‘ನಿರಾಕರಿಸುವಂತಿಲ್ಲ’. ಕಾನೂನಿನ ಮುಂದಿನ ಸಮಾನತೆಯನ್ನು ಸರ್ಕಾರ ಯಾರಿಗೂ ನಿರಾಕರಿಸುವಂತಿಲ್ಲ. 13ನೇ ವಿಧಿಯೂ ಅದೇ ಧಾಟಿ: ಈ ಹಕ್ಕುಗಳನ್ನು ಕಿತ್ತುಕೊಳ್ಳುವ ಕಾನೂನನ್ನು ಸರ್ಕಾರ ಮಾಡುವಂತಿಲ್ಲ, ಮಾಡಿದರೆ ಆ ಮಟ್ಟಿಗೆ ಅದು ನಡೆಯೋದಿಲ್ಲ. ಕೊಡುವ ಕೈಯ ಮಾತು ಎಲ್ಲಿದೆ ಇದರಲ್ಲಿ? ಆ ಕೈಯನ್ನು ಹಿಡಿದು ನಿಲ್ಲಿಸುವ ಮಾತಿದೆ. ಇನ್ನು ‘ಸರ್ಕಾರ’ ಅಂದರೆ ದೆಹಲಿ, ಬೆಂಗಳೂರು ಅಷ್ಟೇ ಅಂದ್ಕೋಬೇಡಿ. 12ನೇ ವಿಧಿ ಪ್ರಕಾರ ನಿಮ್ಮೂರಿನ ಪಂಚಾಯ್ತಿಯೂ ಅದರೊಳಗೇ ಬರುತ್ತದೆ.

ನಿಮ್ಮ ಗದಗ ಜಿಲ್ಲೆಯಲ್ಲೇ ಕಣಗಿನಹಾಳ ಇದೆ. 1905ರಲ್ಲಿ ಸಿದ್ಧನಗೌಡ ಪಾಟೀಲರು ಅಲ್ಲಿ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಸಹಕಾರ ಸಂಘ ಅಂತಲೇ ಅದರ ಹೆಸರು. ಸೊಸೈಟಿ ಹೇಗೆ ನಡೆಯುತ್ತದೆ ಅಂತ ನಿಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು. ಶೇರು ಹಾಕಿದವರು ಕೂಡಿ ಬೈಲಾ ಮಾಡಿಕೊಳ್ಳುತ್ತಾರೆ. ಅಧ್ಯಕ್ಷರು ಎಷ್ಟೇ ದೊಡ್ಡ ಗೌಡರಿರಲಿ, ಬೈಲಾ ಬಿಟ್ಟು ತಿಜೋರಿ ತೆಗೆಯುವಂತಿಲ್ಲ. ‘ಅಧ್ಯಕ್ಷರು ನಮಗೆ ಮತ ಹಾಕುವ ಹಕ್ಕನ್ನು ದಯಪಾಲಿಸಿದ್ದಾರೆ’ ಅಂತ ಯಾವ ಸದಸ್ಯನಾದರೂ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಹೇಳಿದರೆ ಉಳಿದವರು ನಗುತ್ತಾರೆ. ಇಷ್ಟು ಹತ್ತಿರದ ಉದಾಹರಣೆ ಬಿಟ್ಟು ನೀವು 1215ರ ಮ್ಯಾಗ್ನಾ ಕಾರ್ಟಾ ಅನ್ನೋ ಇಂಗ್ಲೆಂಡಿನ ಹಕ್ಕುಪತ್ರಕ್ಕೆ ಒಂದು ಪುಟ ಖರ್ಚು ಮಾಡಿದ್ದೀರಿ. ಇರಲಿ.

ಎರಡನೇ ಸಾಲು ಇನ್ನೂ ಜಾಸ್ತಿ ಕಾಡಿತು: “ಕರ್ತವ್ಯಗಳನ್ನು ಪಾಲಿಸಿದವರಿಗೆ ಮಾತ್ರ ಹಕ್ಕುಗಳನ್ನು ಕೇಳುವ ಅರ್ಹತೆ ಇರುತ್ತದೆ.” ಕೇಳಲು ಚೆನ್ನಾಗಿದೆ. ಆಗಸ್ಟ್ 15ರ ಭಾಷಣದಲ್ಲಿ ಚಪ್ಪಾಳೆಯೂ ಬೀಳುತ್ತದೆ. ಆದರೆ ಸಂವಿಧಾನದಲ್ಲಿ ಇಂಥ ಮಾತಿಲ್ಲ. ಮೂಲಭೂತ ಕರ್ತವ್ಯಗಳ ಪಟ್ಟಿ, 51ಎ ವಿಧಿ, ಬಂದದ್ದು 1976ರಲ್ಲಿ, 42ನೇ ತಿದ್ದುಪಡಿಯಿಂದ. ಅಲ್ಲಿಯವರೆಗೆ 26 ವರ್ಷ ಈ ದೇಶದ ಜನ ಅರ್ಹತೆ ಇಲ್ಲದೇ ಹಕ್ಕು ಕೇಳುತ್ತಿದ್ದರೇನು? ಕರ್ತವ್ಯ ಬೇಡ ಅಂತ ನಾನು ಹೇಳುತ್ತಿಲ್ಲ. ಕೆರೆ, ಕಾಡು ಕಾಯಬೇಕು, ಸಾರ್ವಜನಿಕ ಆಸ್ತಿ ಹಾಳು ಮಾಡಬಾರದು, ಎಲ್ಲ ಸರಿ. ಆದರೆ ಅದನ್ನು ಹಕ್ಕಿನ ಬಾಗಿಲಿಗೆ ಕಾವಲು ನಿಲ್ಲಿಸಬೇಡಿ. ಸಂತೆಯಲ್ಲಿ ಕಿಸೆಗೆ ಕೈಹಾಕಿ ಸಿಕ್ಕವನು ಯಾವ ಕರ್ತವ್ಯ ಪಾಲಿಸಿದ್ದಾನೆ? ಆದರೂ ಅವನನ್ನು ಹಿಡಿದ ಪೊಲೀಸರು, ದಾರಿಯ ವೇಳೆ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. 22ನೇ ವಿಧಿ ‘ಇವನು ಒಳ್ಳೆಯವನಾ?’ ಅಂತ ಕೇಳೋದಿಲ್ಲ. 21ನೇ ವಿಧಿಯಂತೂ ‘ನಾಗರಿಕ’ ಅನ್ನದೆ ‘ವ್ಯಕ್ತಿ’ ಅನ್ನುತ್ತದೆ. ಚಳಿಗಾಲಕ್ಕೆ ಹುಬ್ಬಳ್ಳಿಗೆ ಸ್ವೆಟರ್ ಮಾರಲು ಬರುವ ಟಿಬೆಟಿಯನ್ನರಲ್ಲಿ ಪೌರತ್ವ ಇಲ್ಲದವರಿಗೆ ಇಲ್ಲಿ ಮತ ಇಲ್ಲ, ಆದರೆ ಅವರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಾನೂನು ಬಿಟ್ಟು ಯಾರೂ ಮುಟ್ಟುವಂತಿಲ್ಲ.

ಈಗ ಭಾಷೆಯ ಮಾತಿಗೆ ಬರ್ತೀನಿ, ಎರಡೂ ಒಂದೇ ರೋಗ. ನಾಲ್ಕು ಪುಟದಲ್ಲಿ 23 ಸಲ ‘ಲಾಗಿದೆ’, ‘ಲಾಯಿತು’ ಬಂದಿದೆ. ಪೆನ್ಸಿಲ್ ಹಿಡಿದು ಎಣಿಸಿದೆ. ನೀಡಲಾಗಿದೆ, ರೂಪಿಸಲಾಯಿತು, ತೀರ್ಮಾನಿಸಲಾಗಿದೆ. ಯಾರು ನೀಡಿದರು, ಯಾರು ತೀರ್ಮಾನಿಸಿದರು ಅಂತ ಹುಡುಕಿದರೆ ವಾಕ್ಯದಲ್ಲಿ ಒಬ್ಬ ಮನುಷ್ಯನೂ ಸಿಗೋದಿಲ್ಲ. ಇದು ಸುತ್ತೋಲೆಯ ಕನ್ನಡ. ಕಚೇರಿಯವರಿಗೆ ಅದರಿಂದ ಅನುಕೂಲ ಇದೆ, ನಾಳೆ ಏನಾದರೂ ಎಡವಟ್ಟಾದರೆ ಹೆಸರು ಸಿಗೋದಿಲ್ಲ. ನಿಮಗೇನು ಅನುಕೂಲ?

ನನಗೂ ಈ ಚಟ ಇತ್ತು. 1987ರಲ್ಲಿ ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಸಂಬಳ ಅನ್ನೋದು ಹೆಸರಿಗೆ, ರಾತ್ರಿ ಪಾಳಿಯಲ್ಲಿ ಗಿರಮಿಟ್ಟೇ ಊಟ. ಹಾವೇರಿ ಆಗ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು. ಆ ಕಡೆಯ ಕುಸನೂರಿನಲ್ಲಿ ನವೆಂಬರ್ 14ಕ್ಕೆ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಊರಿನ ದನ ಮೇಯುವ ಗಾಯರಾಣದಂಥ ಜಾಗಗಳನ್ನು ಸರ್ಕಾರ ನೀಲಗಿರಿ ಬೆಳೆಯಲು ಕಂಪನಿಗೆ ಕೊಟ್ಟಿತ್ತು. ಜನ ಬಂದು ನೀಲಗಿರಿ ಸಸಿ ಕಿತ್ತು, ತಮಗೆ ಉಪಯೋಗಕ್ಕೆ ಬರುವ ಗಿಡ ಹಚ್ಚಿದರು. ಅಲ್ಲಿಗೆ ಹೋಗಿ ಬಂದವರ ಮಾತು ಕೇಳಿಕೊಂಡು ನಾನು ಸುದ್ದಿ ಬರೆದೆ: “ನೀಲಗಿರಿ ಸಸಿಗಳನ್ನು ಕೀಳಲಾಯಿತು.”

ನಮ್ಮ ಹಿರಿಯ ಉಪಸಂಪಾದಕರು ಕನ್ನಡಕ ಹಣೆಗೇರಿಸಿ ನನ್ನ ಕಡೆ ನೋಡಿದರು. “ಕೀಳಲಾಯಿತಂತ! ಗಾಳಿ ಬಂದು ಕಿತ್ತಿತೇನಪಾ?” ಅಂದರು. ನಾನು ಸುಮ್ನೆ ನಿಂತೆ. “ಯಾರು ಕಿತ್ತಾರ, ಅವರ ಹೆಸರಿಲೆ ಬರಿ. ಅವರೇನು ಕಳ್ಳರೇನು ಮಾರಿ ಮುಚ್ಚಿಕೊಳ್ಳಾಕ?” ಕೆಂಪು ಪೆನ್ನಿನಿಂದ ಇಡೀ ಹಾಳೆಗೆ ಅಡ್ಡ ಗೀಟು ಹಾಕಿದರು. ಎರಡನೇ ಸಲ ‘ಹಳ್ಳಿಯ ಜನ ಕಿತ್ತರು’ ಅಂತ ಬರೆದೆ. ಅವರಿಗೆ ಅದೂ ಸಾಲಲಿಲ್ಲ. ಜಾಗವನ್ನು ಕಂಪನಿಗೆ ಕೊಟ್ಟವರು ಯಾರು ಅಂತ ಕೇಳಿದರು. ನಾನು ಅದನ್ನೂ ‘ನೀಡಲಾಗಿದ್ದ ಜಮೀನು’ ಅಂತ ಬರೆದಿದ್ದೆ. ಮೂರನೇ ಸಲ ಬರೆದು ಮುಗಿಸುವಾಗ ರಾತ್ರಿ ಒಂದು ಗಂಟೆ. ಆ ಜನ ಮುಂದೆ ಸುಪ್ರೀಂ ಕೋರ್ಟಿನಲ್ಲೂ ಹೋರಾಡಿದರು, ಕಡೆಗೆ ಆ ಕಂಪನಿಯನ್ನು ಮುಚ್ಚಬೇಕಾಯಿತು. ನಿಮ್ಮ ‘ಆದರ್ಶ ನಾಗರಿಕ’ ತೆರಿಗೆ ಕಟ್ಟುತ್ತಾನೆ, ಸರದಿಯಲ್ಲಿ ನಿಲ್ಲುತ್ತಾನೆ, ಧ್ವಜಕ್ಕೆ ವಂದನೆ ಮಾಡುತ್ತಾನೆ. ಒಂದು ಸಲವೂ ‘ಯಾರನ್ನು ಕೇಳಿ ಕೊಟ್ರಿ?’ ಅನ್ನೋದಿಲ್ಲ. ಕುಸನೂರಿನವರನ್ನು ಆ ಲೇಖನದಲ್ಲಿ ಎಲ್ಲಿ ಕೂಡಿಸುತ್ತೀರಿ?

ಕೊನೇ ಪುಟದಲ್ಲಿ ಮಾತ್ರ ನನ್ನ ಕೈ ತಡೆಯಿತು. “ಇತ್ತೀಚೆಗೆ ನಮ್ಮೂರ ಗ್ರಾಮಸಭೆಯಲ್ಲಿ ನೀರಿನ ಟ್ಯಾಂಕಿನ ಬಗ್ಗೆ ಅಜ್ಜಿಯೊಬ್ಬರಿಂದ ಪ್ರಶ್ನೆಯನ್ನು ಎತ್ತಲಾಯಿತು.” ಅಯ್ಯೋ ಮಾಸ್ತರರೇ! ಅಜ್ಜಿ ಕೇಳಿದರು ಅಂತ ಬರೆಯಲು ಏನಾಗಿತ್ತು? ಇಡೀ ಲೇಖನದಲ್ಲಿ ಜೀವ ಇರುವ ಮನುಷ್ಯರು ಅವರೊಬ್ಬರೇ, ಅವರನ್ನೂ ‘ಎತ್ತಲಾಯಿತು’ ಕೆಳಗೆ ಹಾಕಿ ಮುಚ್ಚಿದಿರಿ. 1993ರ ಏಪ್ರಿಲ್ 24ಕ್ಕೆ ಜಾರಿಗೆ ಬಂದ 73ನೇ ತಿದ್ದುಪಡಿ ಪ್ರಕಾರ, ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಸೇರಿದರೆ ಗ್ರಾಮಸಭೆ. ಅಜ್ಜಿ ಅಲ್ಲಿಗೆ ಅಹವಾಲು ಹಿಡಿದು ಬಂದವರಲ್ಲ, ಸಭೆಯ ಸದಸ್ಯರು. ಅಧ್ಯಕ್ಷರು ಐದು ವರ್ಷದೊಳಗೆ ಬದಲಾಗಬಹುದು, ಅಜ್ಜಿಯ ಜಾಗ ಅಲ್ಲೇ ಇರುತ್ತದೆ.

ಆದ್ದರಿಂದ ಲೇಖನವನ್ನು ವಾಪಸ್ ಕಳಿಸುತ್ತಿದ್ದೇನೆ. ಮೊದಲ ಮೂರು ಪುಟ ಬಿಟ್ಟುಬಿಡಿ. ಅಜ್ಜಿ ಎದ್ದು ನಿಂತ ಕ್ಷಣದಿಂದ ಶುರು ಮಾಡಿ. ಯಾವ ಮಾತಿನಲ್ಲಿ ಕೇಳಿದರು, ಯಾರು ಅವರನ್ನು ಕೂಡ್ರಿಸಲು ನೋಡಿದರು, ಪಂಚಾಯ್ತಿ ಅಧಿಕಾರಿ ಪಿಡಿಒ ಏನಂದರು, ಠರಾವು ಬರೆದರಾ ಇಲ್ಲಾ ಚಹಾ ಕುಡಿದು ಎದ್ದರಾ, ಇದೆಲ್ಲ ಬೇಕು. ಮತ್ತೆ, ಟ್ಯಾಂಕಿಗೆ ನೀರು ಬಂತೋ ಇಲ್ಲವೋ? ಮೂರು ಸಲ ಓದಿದರೂ ನನಗೆ ಅದೊಂದು ಸಿಗಲಿಲ್ಲ.