ಇಂಕ್ ಪೆನ್ನಿನಲ್ಲಿ ‘ಪಾಠ’ ‘ಪಾರ’ ಆಗದಿರಲು

ಪ್ರಶ್ನೆ: ನಾನು ಹೈಸ್ಕೂಲ್ ಮೇಷ್ಟ್ರು. ಬಹಳ ವರ್ಷದ ಮೇಲೆ ಮತ್ತೆ ಇಂಕ್ ಪೆನ್ನಿನಲ್ಲಿ ಬರೆಯೋ ಆಸೆಯಾಗಿದೆ. ಎರಡು-ಮೂರು ಸಾವಿರ ಖರ್ಚು ಮಾಡಬಲ್ಲೆ. ಚಿನ್ನದ ನಿಬ್ಬೇ ಆಗಬೇಕು ಅಂತ ಸ್ನೇಹಿತರು ಹೇಳುತ್ತಾರೆ. ಹೌದಾ? ನಾನು ಜಾಸ್ತಿ ಬರೆಯೋದು ಕನ್ನಡ.
– ಓದುಗರು, ತಿಪಟೂರು

ಉತ್ತರ: ಚಿನ್ನದ ಮಾತು ಸದ್ಯಕ್ಕೆ ಬಿಡಿ ಮೇಷ್ಟ್ರೇ. ಕಾಗದಕ್ಕೆ ತಾಗುವುದು ಚಿನ್ನ ಅಲ್ಲವೇ ಅಲ್ಲ. ನಿಬ್ಬಿನ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಒಂದು ಗಟ್ಟಿ ಲೋಹದ ಗುಂಡು ಇರುತ್ತದೆ. ಹದಿನಾಲ್ಕು ಕ್ಯಾರೆಟ್ಟಿನ ನಿಬ್ಬಿಗೂ ಅದೇ, ಸ್ಟೀಲ್ ನಿಬ್ಬಿಗೂ ಅದೇ. ಅದನ್ನು ಎಷ್ಟು ಚೆನ್ನಾಗಿ ಉಜ್ಜಿ ನಯ ಮಾಡಿದ್ದಾರೆ ಅನ್ನುವುದರ ಮೇಲೆ ಬರವಣಿಗೆ ನಿಂತಿದೆ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಕೆಲವು ಚಿನ್ನದ ನಿಬ್ಬು ಸ್ವಲ್ಪ ಬಳುಕುತ್ತವೆ, ಅಷ್ಟೇ.

ನೀವು ನೋಡಬೇಕಾದದ್ದು ನಿಬ್ಬಿನ ದಪ್ಪ. ನಮ್ಮ ಲಿಪಿಯಲ್ಲಿ ‘ರ’ಕ್ಕೂ ‘ಠ’ಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕೆ. ‘ದ’ದ ಬುಡ ಸೀಳಿದರೆ ‘ಧ’. ದಪ್ಪ ನಿಬ್ಬಿನಲ್ಲಿ ಸಣ್ಣದಾಗಿ ಬರೆದರೆ ಇವೆಲ್ಲ ಇಂಕಿನಲ್ಲಿ ಮುಳುಗಿ, ‘ಪಾಠ’ ಅನ್ನೋದು ‘ಪಾರ’ ಆಗಿ ಕೂರುತ್ತದೆ. ಒತ್ತಕ್ಷರಗಳ ಪಾಡಂತೂ ಕೇಳಬೇಡಿ. ಇಂಗ್ಲಿಷ್ ಕೂಡಕ್ಷರಕ್ಕೆ ಚಂದ ಕಾಣುವ ಮೀಡಿಯಂ ನಿಬ್ಬು ಕನ್ನಡಕ್ಕೆ ಒಗ್ಗುವುದು ಕಷ್ಟ. ಫೈನ್ ತೆಗೆದುಕೊಳ್ಳಿ. ಅದರಲ್ಲೂ ಪೈಲಟ್, ಪ್ಲಾಟಿನಂ ಥರದ ಜಪಾನಿ ಕಂಪನಿಗಳ ಫೈನ್, ಜರ್ಮನಿಯ ಲ್ಯಾಮಿ ಫೈನ್‌ಗಿಂತ ಸಾಮಾನ್ಯವಾಗಿ ತೆಳ್ಳಗೆ ಬರೆಯುತ್ತದೆ. ಜಪಾನಿಗರೂ ಇಕ್ಕಟ್ಟಾದ ಅಕ್ಷರ ಬರೆಯುವವರು, ಅಲ್ವಾ?

ಅಂಗಡಿಗೆ ಹೋಗುವಾಗ ದಿನಾ ಬಳಸುವ ನೋಟ್‌ಬುಕ್ಕಿನ ಒಂದು ಹಾಳೆ ಜೇಬಿನಲ್ಲಿಟ್ಟುಕೊಳ್ಳಿ. ಅಂಗಡಿಯವರು ಕೊಡುವ ನುಣುಪು ಹಾಳೆಯಲ್ಲಿ ಎಲ್ಲಾ ಪೆನ್ನೂ ಬೆಣ್ಣೆಯ ಹಾಗೆ ಓಡುತ್ತದೆ. ನಿಬ್ಬನ್ನು ಇಂಕಿನಲ್ಲಿ ಅದ್ದಿಸಿಕೊಂಡು ‘ಪಾಠ’, ‘ರಾಷ್ಟ್ರ’, ‘ಸ್ತ್ರೀ’ ಬರೆಯಿರಿ. ಒತ್ತಬೇಡಿ, ಪೆನ್ನಿನ ತೂಕವೇ ಸಾಕು. ಆಮೇಲೆ ಮಲಗಿಸಿದ ಎಂಟರ ಆಕಾರವನ್ನು ನಾಲ್ಕೈದು ಸಲ ಸುತ್ತಿ. ಒಂದೇ ದಿಕ್ಕಿಗೆ ಹೋಗುವಾಗ ಮಾತ್ರ ಪರಪರ ಕೆರೆದರೆ ನಿಬ್ಬಿನ ಎರಡು ಸೀಳು ಒಂದೇ ಮಟ್ಟದಲ್ಲಿಲ್ಲ ಅಂತ ಅರ್ಥ. ಆ ಪೆನ್ನನ್ನು ಅಲ್ಲೇ ಬಿಟ್ಟು ಬನ್ನಿ.

ಹಾಂ, ಬಾಲ್ ಪೆನ್ನಿನ ಹಾಗೆ ನೆಟ್ಟಗೆ ಹಿಡಿಯುವ ಅಭ್ಯಾಸ ಬಿಡಬೇಕು. ಸ್ವಲ್ಪ ವಾಲಿಸಿ ಹಿಡಿಯಿರಿ.

ಪ್ರಶ್ನೆ: ಎಬೊನೈಟ್ ಪೆನ್ನು ಉಡುಗೊರೆ ಬಂದಿದೆ. ಫಿಲ್ಲರ್‌ನಿಂದ ನೇರ ಹೊಟ್ಟೆಗೇ ಇಂಕು ತುಂಬಿಸುವಂಥದ್ದು. ಮೊದಲ ನಾಲ್ಕು ದಿನ ಸರಿಯಾಗಿತ್ತು. ಈಗ ಇದ್ದಕ್ಕಿದ್ದಂತೆ ಇಂಕು ಕಕ್ಕುತ್ತದೆ. ಪೆನ್ನೇ ಕೆಟ್ಟದ್ದಾ?
– ಓದುಗರು, ಹುಬ್ಬಳ್ಳಿ

ಉತ್ತರ: ಪೆನ್ನು ಕೆಟ್ಟಿರಲಿಕ್ಕಿಲ್ಲ, ಇಂಕು ಕಮ್ಮಿಯಾಗಿರಬೇಕು. ಹೊಟ್ಟೆ ಅರ್ಧಕ್ಕಿಂತ ಖಾಲಿಯಾದಾಗ ಆ ಜಾಗದಲ್ಲಿ ಗಾಳಿ ಸೇರಿರುತ್ತದೆ. ಬರೆಯುತ್ತಾ ಬರೆಯುತ್ತಾ ಕೈಯ ಬಿಸಿ ತಾಗಿ ಆ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ಇಂಕನ್ನು ಹೊರಕ್ಕೆ ದೂಡುತ್ತದೆ. ಪೆನ್ನು ತುಂಬಿದ್ದಾಗ ಗಾಳಿ ಕಮ್ಮಿ, ಅದಕ್ಕೇ ಮೊದಲು ಕಕ್ಕಲಿಲ್ಲ. ಹಾಗಾಗಿ ಪೂರ್ತಿ ಖಾಲಿಯಾಗುವ ತನಕ ಕಾಯಬೇಡಿ, ಕಾಲು ಭಾಗ ಉಳಿದಾಗಲೇ ತುಂಬಿಸಿ. ಕತ್ತಿನ ತಿರುಪಿನ ಸುತ್ತುಗಳಿಂದಲೂ ಒಸರುತ್ತಿದ್ದರೆ ಅಲ್ಲಿಗೆ ಒಂಚೂರು ಸಿಲಿಕೋನ್ ಗ್ರೀಸ್ ಸವರಿ. ಜೇಬಿನಲ್ಲಿ ನಿಬ್ಬು ಮೇಲಿರಲಿ. ಇಷ್ಟೆಲ್ಲ ಗೊತ್ತಿದ್ದ ನಾನೂ ಒಂದು ಮದುವೆ ಮನೆಯಲ್ಲಿ ಬಿಳಿ ಅಂಗಿಯ ಎದೆ ಮೇಲೆ ನೀಲಿ ಹೂವು ಅರಳಿಸಿಕೊಂಡು ಊಟಕ್ಕೆ ಕೂತಿದ್ದೇನೆ.

ಎಬೊನೈಟ್ ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು. ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ, ಕಿಟಕಿ ಪಕ್ಕ ಇಡಬೇಡಿ. ಸ್ವದೇಶಿ ಚಳವಳಿಯ ಕಾಲದಲ್ಲಿ, 1930ರ ದಶಕದಲ್ಲಿ, ರಾಜಮಂಡ್ರಿಯ ರತ್ನಂ ಅವರು ಗಾಂಧೀಜಿಗೆ ತಮ್ಮ ಕೈಯಾರೆ ಪೆನ್ನು ಮಾಡಿ ಕೊಟ್ಟಿದ್ದರು. ಎಬೊನೈಟ್ ಕೋಲನ್ನು ಲೇತಿಗೆ ಹಾಕಿ ಒಂದೊಂದೇ ಪೆನ್ನು ಕಡೆಯುವವರು ನಮ್ಮ ದೇಶದಲ್ಲಿ ಈಗಲೂ ಇದ್ದಾರೆ.

ಪ್ರಶ್ನೆ: ಅಪ್ಪನ ಹಳೇ ಪೆನ್ನು ಬೀರುವಿನಲ್ಲಿ ಸಿಕ್ಕಿತು. ಒಳಗೆ ಇಂಕು ಕಲ್ಲಾಗಿದೆ. ಬಿಸಿನೀರಲ್ಲಿ ಹಾಕಲೇ?
– ಓದುಗರು, ಸಾಗರ

ಉತ್ತರ: ಬೇಡವೇ ಬೇಡ, ಬಿಸಿಗೆ ಭಾಗಗಳು ಸೊಟ್ಟಗಾಗುತ್ತವೆ. ನಿಬ್ಬಿರುವ ಮುಂದಿನ ಭಾಗವನ್ನಷ್ಟೇ ಲೋಟ ತಣ್ಣೀರಲ್ಲಿ ಒಂದು ರಾತ್ರಿ ಇಡಿ. ನೀರು ಬದಲಿಸುತ್ತಾ ಇರಿ. ಬಣ್ಣ ಬಿಡೋದು ನಿಲ್ಲಲು ಎರಡು-ಮೂರು ದಿನ ಹಿಡಿಯಬಹುದು. ಒಳಗಿನ ರಬ್ಬರ್ ಚೀಲ ಬಿರಿದಿದ್ದರೆ ರಿಪೇರಿಯವರ ಕೈಗೇ ಕೊಡಿ. ಆಮೇಲೆ ಫೌಂಟನ್ ಪೆನ್ ಇಂಕನ್ನೇ ಹಾಕಿ. ಡ್ರಾಯಿಂಗ್‌ನ ಇಂಡಿಯನ್ ಇಂಕು ಹಾಕಿದರೆ ಮತ್ತೆ ಕಲ್ಲೇ, ಅದು ನೀರಿಗೂ ಕರಗುವುದಿಲ್ಲ.