31 ಸಾವಿರ ಮೈಲಿಗೇ ಮೋಟರ್‌ಹೋಮ್‌ನ ಬ್ರೇಕ್ ರೋಟರ್ ಹಾಳಾಗುತ್ತದೆಯೇ?

ಫೋರ್ಡ್ ಇ-450 ಚಾಸಿಸ್ ಮೇಲೆ ಕಟ್ಟಿದ 2012ರ ಹಳೆಯ ಮೋಟರ್‌ಹೋಮ್ (ಒಳಗೇ ವಾಸಿಸುವ ಮನೆಯಂಥ ಗಾಡಿ) ಕೊಂಡಿದ್ದೀರಿ. ಓಡಿರುವುದು 31 ಸಾವಿರ ಮೈಲಿ, ಕೊನೆಯ ಮೂರು ವರ್ಷ ಹಿಂದಿನ ಮಾಲೀಕರ ಅಂಗಳದಲ್ಲೇ ನಿಂತಿತ್ತು. ಈಗ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಅದುರುತ್ತದೆ. ಮೆಕ್ಯಾನಿಕ್ ನಾಲ್ಕೂ ರೋಟರ್ (ಚಕ್ರದ ಜೊತೆ ತಿರುಗುವ ಬ್ರೇಕ್ ತಟ್ಟೆ) ಬದಲಿಸಬೇಕು ಎನ್ನುತ್ತಿದ್ದಾರೆ. ಬರೀ ಪ್ಯಾಡ್ (ಆ ತಟ್ಟೆಯನ್ನು ಒತ್ತಿ ಹಿಡಿಯುವ ತುಂಡು) ಹಾಕಿಸಿದರೆ ಸಾಲದೇ ಎಂಬುದು ನಿಮ್ಮ ಪ್ರಶ್ನೆ.

ನಾನೂ ಕ್ಯಾಲಿಫೋರ್ನಿಯಾದಲ್ಲಿ ಇದೇ ಚಾಸಿಸ್‌ನ ಗಾಡಿಯನ್ನು ಒಂಬತ್ತು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಅದರ ಬ್ರೇಕ್ ಕೆಲಸವನ್ನು ನಾನೇ ಮಾಡಿಕೊಳ್ಳುತ್ತೇನೆ. ನನ್ನ ಉತ್ತರ ಇಷ್ಟು: ಮುಂದಿನ ಎರಡು ರೋಟರ್ ಬಹುತೇಕ ಹೋಗಿವೆ, ಹಿಂದಿನವನ್ನು ಅಳೆಯದೆ ಬದಲಿಸಬೇಡಿ. ಮೈಲಿಯ ಲೆಕ್ಕವನ್ನೂ ಬಿಟ್ಟುಬಿಡಿ. ಕಾರಿನ ರೋಟರ್ ಓಡಿ ಓಡಿ ಸವೆಯುತ್ತದೆ, ಮೋಟರ್‌ಹೋಮ್‌ನದು ಹೆಚ್ಚಾಗಿ ನಿಂತು ನಿಂತೇ ಕೆಡುತ್ತದೆ.

ರೋಟರ್ ಎಂದರೆ ಎರಕದ ಕಬ್ಬಿಣದ ತಟ್ಟೆ, ಬಣ್ಣವಿಲ್ಲದ ಬರಿಮೈ. ಒಂದು ಮಳೆ ಬಿದ್ದರೆ ಮರುದಿನ ಬೆಳಿಗ್ಗೆ ಕೆಂಪಗಾಗಿರುತ್ತದೆ. ದಿನಾ ಓಡುವ ಗಾಡಿಯಲ್ಲಿ ಆ ತುಕ್ಕನ್ನು ಪ್ಯಾಡ್ ಎರಡು ಸಲ ಒತ್ತಿದಾಗಲೇ ಒರೆಸಿಹಾಕುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪ್ಯಾಡ್ ಮುಚ್ಚಿದ ಜಾಗ ಒಂದು ಬಗೆಯಲ್ಲಿ, ತೆರೆದ ಜಾಗ ಇನ್ನೊಂದು ಬಗೆಯಲ್ಲಿ ತುಕ್ಕು ಹಿಡಿಯುತ್ತದೆ. ನನ್ನ ಗಾಡಿಯ ಚಕ್ರ ಮೊದಲ ಸಲ ಬಿಚ್ಚಿದಾಗ ರೋಟರ್ ಮೇಲೆ ಪ್ಯಾಡ್‌ನ ಆಕಾರವೇ ಅಚ್ಚೊತ್ತಿದಂತೆ ಕೂತಿತ್ತು. ಉಗುರು ಎಳೆದರೆ ಅದರ ಅಂಚು ತಡೆಯುತ್ತಿತ್ತು. ಅಲ್ಲಿಂದ ಮುಂದೆ ಆ ತಟ್ಟೆ ಎಲ್ಲ ಕಡೆಯೂ ಒಂದೇ ದಪ್ಪ ಇರುವುದಿಲ್ಲ. ನಿಮ್ಮ ಕೈಗೆ ಬರುತ್ತಿರುವ ಅದುರು ಅದೇ ಇರಬೇಕು. ರೋಟರ್ ಬೆಂಡಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ಬಾಗಿರುವುದು ಅಪರೂಪ, ದಪ್ಪದ ಏರುಪೇರೇ ಹೆಚ್ಚು. ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ವ್ಯತ್ಯಾಸವಿದ್ದರೂ ಸ್ಟೀರಿಂಗ್ ಅದುರುವುದುಂಟು. ಕಂಪನ ಸ್ಟೀರಿಂಗ್‌ನಲ್ಲಿ ಬಂದರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟಿನಲ್ಲಿ ಬಂದರೆ ಹಿಂದಿನದು.

ಆದ್ದರಿಂದ ಮೆಕ್ಯಾನಿಕ್ ಬಳಿ ಅಂಕಿ ಕೇಳಿ. ಪ್ರತಿ ರೋಟರ್ ಸುತ್ತ ಎಂಟು ಕಡೆ ಮೈಕ್ರೋಮೀಟರ್ ಇಟ್ಟು ದಪ್ಪ ಬರೆದುಕೊಡಲಿ. ಕನಿಷ್ಠ ದಪ್ಪ ಎಷ್ಟಿರಬೇಕು ಎಂಬುದನ್ನು ರೋಟರ್ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ಚೆನ್ನಾಗಿ ಮೇಲಿದ್ದು ಬಿರುಕಿಲ್ಲದಿದ್ದರೆ ಲೇತ್‌ನಲ್ಲಿ ಮಟ್ಟ ಮಾಡಿಸಬಹುದು. ಕೂದಲೆಳೆಯಂಥ ಬಿರುಕು ಅಂಚಿನವರೆಗೆ ಬಂದಿದ್ದರೆ ಎರಡನೆಯ ಮಾತಿಲ್ಲ, ತೆಗೆದುಹಾಕಿ. ಟಾರ್ಚ್ ಹಿಡಿದು ರೋಟರ್ ಒಳಗಿನ ಗಾಳಿಯ ಸಂದುಗಳನ್ನೂ ನೋಡಿ. ಅವು ತುಕ್ಕಿನಿಂದ ಕಟ್ಟಿಕೊಂಡಿದ್ದರೆ ದಪ್ಪ ಸರಿಯಿದ್ದರೂ ಅದು ತಣಿಯುವುದಿಲ್ಲ. ಹಿಂದಿನ ರೋಟರ್ ತೆಗೆಯಲು ಜೋಡಿ ಚಕ್ರ, ಆಕ್ಸಲ್ ಶಾಫ್ಟ್, ಹಬ್ ಎಲ್ಲವೂ ಹೊರಬರಬೇಕು, ಜೊತೆಗೆ ಹೊಸ ಆಯಿಲ್ ಸೀಲ್ ಬೇಕು. ಕೂಲಿ ಅಲ್ಲೇ ಏರುವುದು. ಅದಕ್ಕೇ ಅಳತೆ ಕೇಳಿ ಎನ್ನುತ್ತಿದ್ದೇನೆ.

ಹಾಳಾದ ರೋಟರ್ ಮೇಲೆ ಹೊಸ ಪ್ಯಾಡ್ ಮಾತ್ರ ಹಾಕಿಸಬೇಡಿ. ಮಟ್ಟವಾದ ಪ್ಯಾಡ್ ಗೀರುಬಿದ್ದ ತಟ್ಟೆಯ ದಿಣ್ಣೆಗಳನ್ನಷ್ಟೇ ಮುಟ್ಟುತ್ತದೆ, ಅಲ್ಲಿ ಮಾತ್ರ ಕಾದು ಗಾಜಿನಂತೆ ಹೊಳಪಾಗುತ್ತದೆ, ಹಿಡಿತ ಹೋಗುತ್ತದೆ.

ರೋಟರ್ ಬದಲಿಸಿದ ಮಾತ್ರಕ್ಕೂ ಕೆಲಸ ಮುಗಿಯುವುದಿಲ್ಲ. ಅದನ್ನು ಕೆಡಿಸಿದ ಕಾರಣ ಒಳಗೇ ಕೂತಿರಬಹುದು. ನಾನು ಇದನ್ನು ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಿಂದ ಹಿಂದಿರುಗುವಾಗ ಕಲಿತೆ. 120ನೇ ಹೆದ್ದಾರಿಯಲ್ಲಿ ನ್ಯೂ ಪ್ರೀಸ್ಟ್ ಗ್ರೇಡ್ ಎಂಬ ಘಟ್ಟದ ರಸ್ತೆ ಇಳಿದು ಮಾಕಸಿನ್ ಜಲಾಶಯದ ಬಳಿ ನಿಲ್ಲಿಸಿದರೆ ಸುಟ್ಟ ವಾಸನೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದಾಗ ಎಡ ಮುಂಚಕ್ರದ ರೋಟರ್ 150 ಡಿಗ್ರಿ ಸೆಲ್ಸಿಯಸ್, ಬಲದ್ದು 260. ಮನೆಗೆ ಬಂದು ಬಿಚ್ಚಿದಾಗ ಹೊರಗಿನ ಪ್ಯಾಡ್ ಹೊಸದರಂತಿತ್ತು, ಒಳಗಿನದು ಲೋಹಕ್ಕೆ ತಾಗುವಷ್ಟು ತೆಳ್ಳಗಾಗಿತ್ತು. ಪ್ಯಾಡ್‌ಗಳನ್ನು ಒತ್ತುವ ಕ್ಯಾಲಿಪರ್ ಜಾರಬೇಕಾದ ಪಿನ್ನು ಒಣಗಿದ ಗ್ರೀಸಿನಲ್ಲಿ ಹೂತು ಅಲ್ಲಾಡುತ್ತಿರಲಿಲ್ಲ. ಹೊರಗಿನಿಂದ ಕಾಣುವುದು ಹೊರಗಿನ ಪ್ಯಾಡ್ ಮಾತ್ರ, ಆದ್ದರಿಂದ ಒಳಗಿನದನ್ನು ನೋಡದೆ ಯಾರ ಮಾತನ್ನೂ ನಂಬಬೇಡಿ. ಬ್ರೇಕಿನ ರಬ್ಬರ್ ಹೋಸ್ ಕೂಡ ಒಳಗೇ ಉಬ್ಬಿ ಒತ್ತಡವನ್ನು ಹಿಂದಕ್ಕೆ ಬಿಡದಿರಬಹುದು. ನಿಮ್ಮ ಗಾಡಿಯ ವಯಸ್ಸಿಗೆ ಹೋಸ್‌ಗಳನ್ನು ಬದಲಿಸಿಬಿಡಿ.

ಆ ಇಳಿಜಾರಿನಲ್ಲಿ ಏನು ನಡೆಯುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಪೂರ್ತಿ ತುಂಬಿದ ಇ-450ರ ತೂಕ 14,500 ಪೌಂಡ್, ಅಂದರೆ ಸುಮಾರು ಆರೂವರೆ ಟನ್. ಅದು 1500 ಅಡಿ ಇಳಿದಾಗ ಹೊರಬೀಳುವ ಶಕ್ತಿಯಲ್ಲಿ 80 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಎಂಜಿನ್ ಹಿಡಿಯದಿದ್ದರೆ ಅದರ ಬಹುಪಾಲನ್ನು ಆ ನಾಲ್ಕು ತಟ್ಟೆಗಳೇ ಹೊರಬೇಕು. ಬ್ರೇಕ್ ಆಯಿಲ್ ಬೇರೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ 205 ಡಿಗ್ರಿಗಿಂತ ಮೊದಲು ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಆಯಿಲ್ ಕುದ್ದರೆ ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಆಗುಂಬೆ, ಚಾರ್ಮಾಡಿಯಲ್ಲಿ ಬಸ್ ಓಡಿಸುವವರು ಹತ್ತುವ ಗೇರಿನಲ್ಲೇ ಘಟ್ಟ ಇಳಿಯುತ್ತಾರೆ. ಇಲ್ಲೂ ಅದನ್ನೇ ಮಾಡಿ. ಇಳಿಜಾರಿನಲ್ಲಿ ಗಾಡಿಯನ್ನು ಕೆಳಗಿನ ಗೇರಿನಲ್ಲಿ ಹಿಡಿಯುವ ಟೋ-ಹಾಲ್ ಗುಂಡಿ ಒತ್ತಿ, ಎಂಜಿನ್ ಕೂಗಿದರೆ ಹೆದರಬೇಡಿ. ಬ್ರೇಕನ್ನು ಸದಾ ಸವರುತ್ತಿರುವ ಬದಲು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟು ತಣಿಯಲು ಬಿಡಿ. ನ್ಯೂ ಪ್ರೀಸ್ಟ್ ಗ್ರೇಡ್ ಪಕ್ಕದ ಇನ್ನೂ ಕಡಿದಾದ ಓಲ್ಡ್ ಪ್ರೀಸ್ಟ್ ಗ್ರೇಡ್‌ಗೆ ಇಂಥ ಗಾಡಿಯನ್ನು ಇಳಿಸಲೇಬೇಡಿ.

ಇನ್ನು ಮುಂದೆ ತಿಂಗಳಿಗೊಮ್ಮೆ ಅರ್ಧ ಗಂಟೆಯಾದರೂ ಓಡಿಸಿ. ನಿಂತಲ್ಲೇ ಎಂಜಿನ್ ಚಾಲೂ ಮಾಡುವುದರಿಂದ ಬ್ರೇಕಿಗೆ ಏನೂ ಸಿಗುವುದಿಲ್ಲ. ತೊಳೆದ ಮೇಲೂ ಒಂದು ಸುತ್ತು ಹೋಗಿ ರೋಟರ್ ಒಣಗಿಸಿಯೇ ನಿಲ್ಲಿಸಿ. ಹೇಗೂ ಚಕ್ರದ ಬಳಿ ಕೂರುತ್ತೀರಿ, ಟೈರಿನ ಬದಿಯ ನಾಲ್ಕಂಕಿ ನೋಡಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಕೊನೆಯೆರಡು ಅಂಕಿ 12 ಎಂದಿದ್ದರೆ ರೋಟರಿಗಿಂತ ಮೊದಲು ಟೈರಿಗೆ ಹಣ ಹಾಕಿ.

ಎಂಟು ಕಡೆಯ ಅಳತೆ ಸಿಕ್ಕ ಮೇಲೆ ಇಲ್ಲಿ ಬರೆಯಿರಿ, ಯಾವುದನ್ನು ಉಳಿಸಿಕೊಳ್ಳಬಹುದು ಎಂದು ಒಟ್ಟಿಗೆ ನೋಡೋಣ.